ಕರ್ಮಪದವಿಲ್ಲದ ಒಂದು ಪ್ರಾರ್ಥನೆ

ಪಠ್ಯಪುಸ್ತಕಗಳಲ್ಲಿ ಎರಡನೆಯ ಮಹಾಯುದ್ಧವು ಕಾರಣ, ಘಟನೆ, ಪರಿಣಾಮ ಎಂಬ ಮೂರು ಶೀರ್ಷಿಕೆಗಳಲ್ಲಿ ಮುಗಿಯುತ್ತದೆ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಇದು ನೆನಪಿರಬಹುದು. ಈ ಮೂರರಲ್ಲಿ ಯಾವುದಕ್ಕೂ ಸುಲಭವಾಗಿ ಸೇರದ ಸಂಗತಿಯೊಂದನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ. ಅದು ಕ್ಷಮೆಯ ಇತಿಹಾಸ.

ಇಂಗ್ಲೆಂಡಿನ ಮಧ್ಯಭಾಗದಲ್ಲಿ ಕೊವೆಂಟ್ರಿ ಎಂಬ ಕೈಗಾರಿಕಾ ನಗರವಿದೆ. ಯುದ್ಧಕಾಲದಲ್ಲಿ ಅಲ್ಲಿ ಮೋಟಾರು ವಾಹನಗಳೂ ವಿಮಾನದ ಎಂಜಿನ್ನುಗಳೂ ತಯಾರಾಗುತ್ತಿದ್ದವು. 1940ರ ನವೆಂಬರ್ 14ರ ಬೆಳದಿಂಗಳ ರಾತ್ರಿ ಸುಮಾರು 500 ಜರ್ಮನ್ ವಿಮಾನಗಳು ಆ ಊರಿನ ಮೇಲೆ ಬೆಳಗಿನ ಜಾವದವರೆಗೂ ಬಾಂಬುಗಳ ಮಳೆಗರೆದವು. 500ಕ್ಕೂ ಹೆಚ್ಚು ಮಂದಿ ಸತ್ತರು. ಮಧ್ಯಯುಗದಲ್ಲಿ ಕಟ್ಟಿದ ಸಂತ ಮೈಕೇಲರ ಮಹಾದೇವಾಲಯ ಉರಿದುಹೋಯಿತು. ಹೊರಗೋಡೆಗಳು ಮತ್ತು ಎತ್ತರದ ಗೋಪುರ ಮಾತ್ರ ನಿಂತವು. ಕೆಲವೇ ದಿನಗಳಲ್ಲಿ ಊರಿನ ಜನ ಸತ್ತವರನ್ನು ಸಾಮೂಹಿಕ ಸಮಾಧಿಗಳಲ್ಲಿ ಮಣ್ಣು ಮಾಡಿದರು.

ಆ ದೇವಾಲಯದ ಮುಖ್ಯ ಪಾದ್ರಿ ರಿಚರ್ಡ್ ಹೊವರ್ಡ್. ಸುಟ್ಟ ಛಾವಣಿಯ ಎರಡು ತೊಲೆಗಳು ಶಿಲುಬೆಯ ಆಕಾರದಲ್ಲಿ ಬಿದ್ದಿದ್ದುದನ್ನು ಕಂಡ ಕಲ್ಲುಕುಟಿಗನೊಬ್ಬ ಅವನ್ನು ಹಾಗೆಯೇ ಕಟ್ಟಿ ನಿಲ್ಲಿಸಿದ. ಬೂದಿಯಲ್ಲಿ ಸಿಕ್ಕ ಹಳೆಯ ಮೊಳೆಗಳಿಂದ ಇನ್ನೊಂದು ಶಿಲುಬೆಯಾಯಿತು. ಅದೇ ವರ್ಷದ ಕ್ರಿಸ್ಮಸ್ ದಿನ ಬಿ.ಬಿ.ಸಿ. ಬಾನುಲಿಯಲ್ಲಿ ಆ ಅವಶೇಷಗಳ ನಡುವಿನಿಂದ ಹೊವರ್ಡರ ಮಾತು ಪ್ರಸಾರವಾಯಿತು. ಎಷ್ಟೇ ಕಠಿಣವಾದರೂ ಸೇಡಿನ ಯೋಚನೆಯನ್ನು ಮನಸ್ಸಿನಿಂದ ಹೊರಹಾಕಲು ಯತ್ನಿಸುತ್ತಿದ್ದೇವೆ ಎಂಬುದು ಅದರ ತಿರುಳು. ಸಮಾಧಿಯ ಮಣ್ಣು ಇನ್ನೂ ಹಸಿಯಾಗಿದ್ದಾಗ, ಯುದ್ಧದಲ್ಲಿ ಯಾರು ಗೆಲ್ಲುವರೆಂದು ತಿಳಿಯದಿದ್ದಾಗ ಆಡಿದ ಮಾತಿದು. ಗೆದ್ದ ಮೇಲೆ ಉದಾರಿಯಾಗುವುದು ಬೇರೆ.

ಯುದ್ಧ ಮುಗಿದ ಮೇಲೆ ಹೊವರ್ಡ್ ಭಗ್ನ ವೇದಿಕೆಯ ಹಿಂದಿನ ಗೋಡೆಯಲ್ಲಿ ಎರಡೇ ಪದಗಳನ್ನು ಕೆತ್ತಿಸಿದರು: 'ತಂದೆಯೇ, ಕ್ಷಮಿಸು.' ವ್ಯಾಕರಣ ಕಲಿತ ನನ್ನ ವಿದ್ಯಾರ್ಥಿಗಳು ಇಲ್ಲಿ ಕೊಂಚ ನಿಲ್ಲಬೇಕು. ಸಂಬೋಧನೆ ಇದೆ, ಕ್ರಿಯಾಪದ ಇದೆ, ಕರ್ಮಪದ ಎಲ್ಲಿ? ಲೂಕನ ಸುವಾರ್ತೆಯಲ್ಲಿ ಯೇಸುವು ಶಿಲುಬೆಯ ಮೇಲಿಂದ ಬೇಡಿಕೊಳ್ಳುವಾಗ 'ಅವರನ್ನು' ಎಂಬ ಪದವಿದೆ. ಗೋಡೆಯ ಮೇಲೆ ಅದಿಲ್ಲ. 'ಅವರನ್ನು' ಎಂದೊಡನೆ ಬೇಡುವವನು ನಿರ್ದೋಷಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ಎಲ್ಲರೂ ಪಾಪಿಗಳೇ ಎನ್ನುವ ಕ್ರೈಸ್ತ ನಂಬಿಕೆಯಲ್ಲಿ ಆ ಸ್ಥಾನ ಮನುಷ್ಯರಿಗಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿಯೂ ನಮಗೆ ಬೇಕಾದ ಕ್ಷಮೆಯು ನಾವು ಕೊಡುವ ಕ್ಷಮೆಯೊಡನೆ ಹೆಣೆದುಕೊಂಡಿದೆ.

ಆ ಪದವನ್ನು ಬಿಟ್ಟುದು ಎಷ್ಟು ಉಚಿತವೆಂಬುದಕ್ಕೆ ಡ್ರೆಸ್ಡೆನ್ ಸಾಕ್ಷಿ. 1945ರ ಫೆಬ್ರವರಿ 13ರಿಂದ 15ರವರೆಗೆ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಆ ಜರ್ಮನ್ ನಗರವನ್ನು ಸುಟ್ಟವು. ಇತಿಹಾಸಕಾರರ ಆಯೋಗವೊಂದು 2010ರಲ್ಲಿ ನೀಡಿದ ಅಂತಿಮ ವರದಿಯ ಪ್ರಕಾರ ಸತ್ತವರು ಹೆಚ್ಚೆಂದರೆ 25,000. ಕೊವೆಂಟ್ರಿಯ ಸಾವಿನ ಹತ್ತಾರು ಪಟ್ಟು! ಕ್ಷಮೆ ಬೇಡಬೇಕಾದವರು ಎರಡೂ ದಡಗಳಲ್ಲಿದ್ದರು.

ಮುಂದೆ ನಡೆದುದು ಬರಿಯ ಮಾತಲ್ಲ. 1947ರಲ್ಲಿ ಹೊವರ್ಡ್ ಸ್ವತಃ ಜರ್ಮನಿಯ ಕೀಲ್ ನಗರಕ್ಕೆ ಹೋಗಿ ಮೊಳೆಗಳ ಶಿಲುಬೆಯೊಂದನ್ನು ಕೊಟ್ಟುಬಂದರು. 1960ರ ದಶಕದ ಆರಂಭದಲ್ಲಿ ಜರ್ಮನ್ ತರುಣರು ಕೊವೆಂಟ್ರಿಗೆ ಬಂದು ಕಟ್ಟಡದ ಕೆಲಸಕ್ಕೆ ಕೈಜೋಡಿಸಿದರು. 1965ರಲ್ಲಿ ಬ್ರಿಟಿಷ್ ತರುಣ ತರುಣಿಯರು ಡ್ರೆಸ್ಡೆನ್ನಿಗೆ ಹೋಗಿ, ಬಾಂಬಿಗೆ ಹಾಳಾಗಿದ್ದ ಆಸ್ಪತ್ರೆಯನ್ನು ಕಟ್ಟಲು ನೆರವಾದರು. ಡ್ರೆಸ್ಡೆನ್ನಿನ ಫ್ರೌವೆನ್‌ಕಿರ್ಖೆ ಚರ್ಚು ದಶಕಗಳ ಕಾಲ ಕಲ್ಲಿನ ರಾಶಿಯಾಗಿ ಬಿದ್ದಿತ್ತು. ಅದು ಮರಳಿ ಎದ್ದು 2005ರಲ್ಲಿ ಪ್ರತಿಷ್ಠಾಪನೆಗೊಂಡಿತು. ಅದರ ಗುಮ್ಮಟದ ಮೇಲೆ 2004ರಲ್ಲಿ ಏರಿದ ಶಿಲುಬೆ ಬ್ರಿಟನ್ನಿನ ಕೊಡುಗೆ. ಅದರ ತಯಾರಿಕೆಯಲ್ಲಿ ದುಡಿದ ಲಂಡನ್ನಿನ ಕುಶಲಕರ್ಮಿಯ ತಂದೆ, ಡ್ರೆಸ್ಡೆನ್ನಿನ ಮೇಲೆ ಬಾಂಬು ಹಾಕಲು ಹೋದ ವೈಮಾನಿಕರಲ್ಲಿ ಒಬ್ಬ. ತಂದೆ ಬೆಂಕಿ ಸುರಿದ ಊರಿಗೆ ಮಗ ಶಿಲುಬೆ ಮಾಡಿಕೊಟ್ಟ.

ಕ್ಷಮಿಸುವುದೆಂದರೆ ಮರೆಯುವುದೆಂದು ಹಲವರು ತಿಳಿಯುತ್ತಾರೆ. ಕೊವೆಂಟ್ರಿಯವರು ಮರೆಯಲಿಲ್ಲ. ಬೇಸಿಲ್ ಸ್ಪೆನ್ಸ್ ರೂಪಿಸಿದ ಹೊಸ ದೇವಾಲಯ 1962ರ ಮೇ 25ರಂದು ಪ್ರತಿಷ್ಠಾಪನೆಯಾದಾಗ, ಪಕ್ಕದಲ್ಲಿಯೇ ಹಳೆಯ ಗೋಡೆಗಳನ್ನು ಛಾವಣಿಯಿಲ್ಲದೆ ಹಾಗೆಯೇ ಉಳಿಸಿಕೊಂಡರು. ಗಾಯ ಎದುರಿಗಿದೆ, ಅದರ ಮುಂದೆಯೇ ಪ್ರಾರ್ಥನೆ ನಡೆಯುತ್ತದೆ. ದ್ವೇಷ, ದುರಾಸೆ, ಅಸೂಯೆ, ಗರ್ವಗಳನ್ನು ಒಂದೊಂದಾಗಿ ಹೆಸರಿಸಿ, ಪ್ರತಿಯೊಂದಕ್ಕೂ ಅದೇ ಎರಡು ಪದಗಳನ್ನು ಒಪ್ಪಿಸುವ ಪ್ರಾರ್ಥನೆಯನ್ನು 1958ರಲ್ಲಿ ರಚಿಸಲಾಯಿತು. ಇಂದಿಗೂ ಅದು ಅಲ್ಲಿ ಕೇಳಿಬರುತ್ತದೆ.

ನಮ್ಮ ಬಂಧುವರ್ಗದಲ್ಲಿಯೂ ಒಂದು ತುಂಡು ಗದ್ದೆಗಾಗಿ, ಮದುವೆಮನೆಯ ಒಂದು ಮಾತಿಗಾಗಿ ಇಪ್ಪತ್ತು ವರ್ಷ ಮುಖ ನೋಡದವರಿದ್ದಾರೆ. 'ಅವನು ಬಂದು ತಪ್ಪೊಪ್ಪಿಕೊಳ್ಳಲಿ, ಆಮೇಲೆ ನೋಡೋಣ' ಎನ್ನುತ್ತಾರೆ. ಯಾವ ಧರ್ಮದವರಾದರೇನು? ಆ ವಾಕ್ಯದಿಂದ 'ಅವನು' ಎಂಬ ಪದವನ್ನು ಒಮ್ಮೆ ತೆಗೆದು ಓದಿಕೊಳ್ಳಲಿ ಎಂದು ಈ ಹಳೆಯ ಮೇಷ್ಟರ ವಿನಂತಿ.