ಟ್ರಯಂಫ್ ಸ್ಪಿಟ್‌ಫೈರ್: ಬಿಡಿಭಾಗಗಳ ಅದಲುಬದಲು

ಬ್ರಿಟನ್ನಿನ ಟ್ರಯಂಫ್ ಸ್ಪಿಟ್‌ಫೈರ್ (1962–80) ಕಾರಿಗೆ ಆರು ಸಿಲಿಂಡರಿನ ಜಿಟಿ6ರ (1966–73) ಭಾಗಗಳನ್ನು ಜೋಡಿಸುವ ರೂಢಿ ಹಳೆಯದು. ಎರಡರ ಮೂಲವೂ 1959ರ ಟ್ರಯಂಫ್ ಹೆರಾಲ್ಡ್ ಕಾರು. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ನಮ್ಮವರಿಗೂ ಪರಿಚಿತ. ಜಿಟಿ6ರ ಮುಂದಿನ ಬ್ರೇಕ್ ಡಿಸ್ಕ್ 9.7 ಅಂಗುಲ, ಸ್ಪಿಟ್‌ಫೈರ್‌ನದು 9. ಡಿಸ್ಕ್ ಒಂದನ್ನೇ ಬದಲಿಸಿದರೆ ಸಾಲದು: ಜಿಟಿ6ರ ಸ್ಟಬ್ ಆಕ್ಸಲ್ ದಪ್ಪ, ಹಾಗಾಗಿ ಹಬ್, ಕ್ಯಾಲಿಪರ್, ವರ್ಟಿಕಲ್ ಲಿಂಕ್ ಒಟ್ಟಿಗೇ ಬರಬೇಕು. ಸ್ಪ್ರಿಂಗ್ ಮಾತ್ರ ಬೇಡ. ಅದು ಭಾರದ ಎಂಜಿನ್ನಿಗೆ ಹೊಂದಿಸಿದ್ದು.

ನಿಜವಾದ ಲಾಭ ಹಿಂಬದಿಯಲ್ಲಿದೆ. ಹಳೆಯ ಸ್ವಿಂಗ್ ಆಕ್ಸಲ್ ಗಾಡಿಯಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಚಕ್ರ ಒಳಕ್ಕೆ ಮಡಚಿ ಹಿಡಿತ ತಪ್ಪುತ್ತದೆ. 1970ರ ಸ್ಪಿಟ್‌ಫೈರ್ ಮಾರ್ಕ್ 4ರ ಲೀಫ್ ಸ್ಪ್ರಿಂಗಿನಲ್ಲಿ ಹೆಚ್ಚಿನ ಪಟ್ಟಿಗಳು ನಡುವೆ ಹೊರಳುವಂತಿದ್ದು ಈ ಪೀಡೆ ಬಹುಪಾಲು ಅಡಗಿತು. ಅದನ್ನು ಹಳೆಯ ಗಾಡಿಗೆ ಕೂರಿಸುವವರು ಅದರ ಜೊತೆಯ ದಪ್ಪ ಆ್ಯಂಟಿ-ರೋಲ್ ಬಾರನ್ನೂ ಮುಂಭಾಗಕ್ಕೆ ಹಾಕಬೇಕು. ಇಲ್ಲವಾದರೆ ಗಾಡಿ ತಿರುವಿನಲ್ಲಿ ವಿಪರೀತ ವಾಲುತ್ತದೆ.