ಬಾಣಂತಿಯ ಉಂಡಿ, ಬಸುರಿಯ ತಾಟು

ಹುನಗುಂದ ಸೀಮೆಯ ಅಮೀನಗಡಕ್ಕೆ ಹೆಸರು ತಂದ ಕರದಂಟು, ಈ ಭಾಗದ ಮನೆಗಳಲ್ಲಿ ಬಾಣಂತಿಗೆ ಕಟ್ಟುವ ಅಂಟಿನ ಉಂಡಿಗೆ ತೀರ ಹತ್ತಿರದ ತಿನಿಸು. ಮರದಿಂದ ಒಸರುವ ಅಂಟನ್ನು ತುಪ್ಪದಲ್ಲಿ ಕರಿದು ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಗಸಗಸಿಗಳೊಡನೆ ಬೆಲ್ಲದ ಪಾಕದಲ್ಲಿ ಕೂಡಿಸುವ ಹದ ಎರಡಕ್ಕೂ ಒಂದೇ. ಹೆತ್ತವಳ ನಡು ಗಟ್ಟಿಯಾಗಲಿ, ಎದೆಹಾಲು ತುಂಬಲಿ ಎಂಬ ಕಾಳಜಿ ಈ ಉಂಡಿಯ ಹಿಂದಿದೆ. ಆದರೆ ಕೂಸಿನ ತೂಕ ಬಹುಮಟ್ಟಿಗೆ ಕೂಡಿಬರುವುದು ಬಸಿರಿನ ಕಡೆಯ ಮೂರು ತಿಂಗಳಲ್ಲಿ; ಆಗ ತಾಯಿಯ ತಾಟಿಗೆ ಏನು ಬೀಳುತ್ತಿತ್ತೆಂಬುದನ್ನು, ಬಸುರಿಗೆ ಉಡಿ ತುಂಬುವ ಕುಬಸದ ಒಂದು ದಿನದ ಸಡಗರಕ್ಕಿಂತ ಹೆಚ್ಚಾಗಿ, ಮಳೆಯೂ ಮಗ್ಗವೂ ನಿರ್ಧರಿಸುತ್ತಿದ್ದವು.

1876-78ರ ಬರ, ಈ ಸೀಮೆಯೂ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿದಾಗ ಹುಟ್ಟಿದ ಕೂಸುಗಳನ್ನು ತೂಗಿದವರಿಲ್ಲ. ಹಸಿವು ಗರ್ಭದೊಳಕ್ಕೂ ಇಳಿಯುತ್ತದೆಂಬುದಕ್ಕೆ ಲೆಕ್ಕ ಸಿಕ್ಕಿದ್ದು ಬಹಳ ತಡವಾಗಿ, ದೂರದ ನೆದರ್ಲೆಂಡ್ಸಿನಲ್ಲಿ: 1944-45ರ ಚಳಿಗಾಲದಲ್ಲಿ ಅಲ್ಲಿ ಅನ್ನ ಕಟ್ಟಾದಾಗ, ಕಡೆಯ ತಿಂಗಳುಗಳನ್ನು ಉಪವಾಸದಲ್ಲಿ ಕಳೆದ ತಾಯಂದಿರ ಶಿಶುಗಳ ತೂಕ ಸುಮಾರು 300 ಗ್ರಾಂ ಇಳಿದಿತ್ತು. ಬರವಿಲ್ಲದ ವರ್ಷಗಳ ಬಡತನವೂ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಅಮೀನಗಡವೂ ಸೇರಿದ್ದ ಮುಂಬಯಿ ಪ್ರಾಂತ್ಯದ ರಾಜಧಾನಿಗೆ 1928ರಲ್ಲಿ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ, ಗಿರಣಿ ಕೆಲಸದ ಬಸುರಿಯರ ರಕ್ತಹೀನತೆಯ ಬೇರನ್ನು ಅವರ ಊಟದಲ್ಲಿಯೇ ಹುಡುಕಿದರು. ಆ ಹುಡುಕಾಟವೇ ಮುಂದೆ ಫೋಲಿಕ್ ಆಮ್ಲದ, ಎಂದರೆ ಸೊಪ್ಪು ಮತ್ತು ಬೇಳೆಕಾಳುಗಳಲ್ಲಿರುವ ಒಂದು ಜೀವಸತ್ವದ, ಶೋಧಕ್ಕೆ ದಾರಿಯಾಯಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1934ರಿಂದ ಬರೆದಿಟ್ಟ ಜನನತೂಕಗಳ ದಾಖಲೆಯನ್ನು ದಶಕಗಳ ನಂತರ ತೆರೆದು ನೋಡಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮುಂದೆ ಹೃದ್ರೋಗ ಹೆಚ್ಚಾಗಿದ್ದುದು ಕಂಡುಬಂದಿತು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದು ಕಡಿಮೆ ಜನನತೂಕವೆಂಬುದು ಇಂದಿನ ವೈದ್ಯರ ಅಳತೆ.

ಇಳಕಲ್, ಸೂಳೇಭಾವಿಗಳ ನೇಕಾರ ಮನೆಗಳಲ್ಲಿ ಸೀರೆಯ ಕೂಲಿ ಮಗ್ಗದಲ್ಲಿ ಕೂತವರ ಲೆಕ್ಕಕ್ಕೆ ಬೀಳುತ್ತದೆ. ಕಂಡಿಕೆ ಸುತ್ತುವ, ಅಂದರೆ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗೆ ನೂಲು ತುಂಬುವ ಹೆಂಗಸಿನ ದುಡಿಮೆಗೆ ಬೇರೆ ಕೂಲಿಯಿಲ್ಲ, ಬಸಿರಾದರೂ ಬಿಡುವಿಲ್ಲ. ಮೈ ಬಲಿಯುವ ಮೊದಲೇ ಆಗುವ ಮದುವೆ, ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ, ಕೂಸು ದೊಡ್ಡದಾದರೆ ಹೆರಿಗೆ ಕಷ್ಟವೆಂಬ ಅಂಜಿಕೆ ಇವೆಲ್ಲ ಸೇರಿ ತಾಯಿಯ ತುತ್ತನ್ನು ಕಿರಿದುಮಾಡಿದವು. ಅಂಟಿನ ಉಂಡಿಗೆ ಬೇಕಾದ ತುಪ್ಪ, ಉತ್ತತ್ತಿಗಳೂ ಉಳ್ಳವರ ಮನೆಯವೇ ಎಂಬುದನ್ನು ಮರೆಯಲಾಗದು.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿಗಳನ್ನು ಬಾಣಂತಿಯರ ಜೊತೆಗೆ ಬಸುರಿಯರಿಗೂ ಒದಗಿಸಿದ್ದು ನಿಜವಾಗಿಯೂ ದೊಡ್ಡ ಹೆಜ್ಜೆ. ಆದರೆ ಊಟವನ್ನು ಅಲ್ಲಿಗೇ ಹೋಗಿ ಉಣ್ಣಬೇಕೆಂಬ ನಿಯಮ, ನಡುಹಗಲಲ್ಲಿ ಹೊಲ ಬಿಟ್ಟು ಬರಲಾಗದವಳಿಗೂ ದುಡಿಮೆ ಅರಸಿ ಗುಳೆ ಹೋದವಳಿಗೂ ಆ ತಾಟನ್ನು ದೂರವೇ ಇರಿಸಿತು.