ಡೇಟಾ ಪೋರ್ಟಬಿಲಿಟಿ: ಗಂಟುಮೂಟೆ ಸಮೇತ ಹೊರಡುವ ಹಕ್ಕು

ಒಂದು ಆನ್‌ಲೈನ್ ಸೇವೆಯಲ್ಲಿ ವರ್ಷಗಟ್ಟಲೆ ಕೂಡಿಬಿದ್ದ ಮೇಲ್, ಫೋಟೊ, ಕ್ಯಾಲೆಂಡರ್, ಸಂಪರ್ಕ ಪಟ್ಟಿಗಳನ್ನು ಬಿಡಿಸಿಕೊಂಡು ಇನ್ನೊಂದು ಸೇವೆಗೆ ಒಯ್ಯುವುದಕ್ಕೆ ಡೇಟಾ ಪೋರ್ಟಬಿಲಿಟಿ ಎನ್ನುತ್ತಾರೆ. ನಂಬರ್ ಉಳಿಸಿಕೊಂಡೇ ಮೊಬೈಲ್ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶದಾದ್ಯಂತ ಜಾರಿಯಾದ ಮೇಲೆ ‘ಪೋರ್ಟ್ ಮಾಡಿಸೋದು’ ನಮಗೆ ಮಾಮೂಲಿ ಮಾತು. ಅಲ್ಲಿ ಒಯ್ಯಬೇಕಾದದ್ದು ಹತ್ತು ಅಂಕಿ. ಇಲ್ಲಿ ಗಂಟು ದೊಡ್ಡದು. ತಕರಾರಿನ ವಿಷಯವೆಂದರೆ, ಅದರೊಳಗಿರುವುದೆಲ್ಲ ನಮ್ಮ ಸ್ವಂತದ್ದಲ್ಲ.

ವಿಸಿಎಫ್ ಫೈಲಿನ ಒಳಗೆ

ಸಂಪರ್ಕ ಪಟ್ಟಿಯ ಮಟ್ಟಿಗೆ ಬಹುತೇಕ ಎಲ್ಲ ಸೇವೆಗಳೂ ಒಪ್ಪುವ ಮಾದರಿ ವಿಕಾರ್ಡ್. ಫೋನಿನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದಾಗ ಸಿಗುವ ವಿಸಿಎಫ್ ಫೈಲ್ ಇದೇ. ಇದರ 2.1ನೇ ಆವೃತ್ತಿ 1996ರದು, 4.0 ಬಂದದ್ದು 2011ರಲ್ಲಿ. ಆದರೂ ಅನೇಕ ಫೋನ್‌ಗಳು ಇಂದಿಗೂ ಹಳೆಯ 2.1ರಲ್ಲೇ ಪಟ್ಟಿ ಬರೆದುಕೊಡುತ್ತವೆ. ಹೆಸರುಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡವರಿಗೆ ಇದರ ಬಿಸಿ ತಟ್ಟುತ್ತದೆ.

ಆ ಆವೃತ್ತಿ ಮೂಲತಃ ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಮಿಕ್ಕ ಲಿಪಿಗಳನ್ನು ಅದು ಸಂಕೇತಗಳಾಗಿ ಬಿಡಿಸಿ ಬರೆಯುತ್ತದೆ. ‘ಕ’ ಎಂಬ ಒಂದಕ್ಷರ =ಇ0=ಬಿ2=95 ಆಗುತ್ತದೆ. ‘ಚಿಕ್ಕಪ್ಪ’ ಎಂದಿದ್ದರೆ ಗುಡಿಸು, ಹಲಂತ ಚಿಹ್ನೆಗಳಿಗೂ ಪ್ರತ್ಯೇಕ ಲೆಕ್ಕ. ಒಟ್ಟು 72 ಚಿಹ್ನೆ. ಒಂದು ಸಾಲು 76 ಚಿಹ್ನೆ ಮೀರಬಾರದೆಂದು ನಿಯಮ ಇರುವುದರಿಂದ ‘ದಾವಣಗೆರೆ ಚಿಕ್ಕಪ್ಪ’ ನಡುವೆಯೇ ತುಂಡಾಗಿ ಮುಂದಿನ ಸಾಲಿಗೆ ಇಳಿಯುತ್ತಾನೆ. ಅದನ್ನು ಮತ್ತೆ ಜೋಡಿಸಿ ಓದಲು ಬಾರದ ಆ್ಯಪ್‌ಗೆ ಸಿಕ್ಕರೆ ಅರ್ಧ ಹೆಸರು ಮಾಯ. ಎಲ್ಲ ಲಿಪಿಗಳನ್ನೂ ಒಳಗೊಳ್ಳುವ ಯುಟಿಎಫ್-8ನ್ನೇ ಕಡ್ಡಾಯ ಮಾಡಿದ 4.0ರಲ್ಲಿ ಈ ಪಾಡು ಇಲ್ಲ. ಪಟ್ಟಿ ಹೊಸ ಕಡೆಗೆ ಹೋದ ಕೂಡಲೇ ಉದ್ದನೆಯ ಕನ್ನಡ ಹೆಸರುಗಳನ್ನು ಮೊದಲು ನೋಡಬೇಕು, ಹಳೆಯ ಖಾತೆ ಅಳಿಸುವುದು ಆಮೇಲಿನ ಮಾತು.

ಗೆಳೆಯರ ವಿಳಾಸ ಯಾರ ಸ್ವತ್ತು?

2008ರ ಜನವರಿಯಲ್ಲಿ ಅಮೆರಿಕದ ಬ್ಲಾಗರ್ ರಾಬರ್ಟ್ ಸ್ಕೋಬಲ್, ಫೇಸ್‌ಬುಕ್‌ನಲ್ಲಿದ್ದ ತಮ್ಮ ಗೆಳೆಯರ ವಿವರಗಳನ್ನು ಪ್ಲಾಕ್ಸೊ ಎಂಬ ಸೇವೆಯ ತಂತ್ರಾಂಶದಿಂದ ಹೊರಗೆಳೆಯಲು ಹೋದರು. ಫೇಸ್‌ಬುಕ್ ಅವರ ಖಾತೆಯನ್ನೇ ತಡೆಹಿಡಿಯಿತು, ಆಮೇಲೆ ಮರಳಿಸಿತು. 2010ರ ನವೆಂಬರ್‌ನಲ್ಲಿ ಗೂಗಲ್ ತಿರುಗಿಬಿತ್ತು: ಜಿಮೇಲ್ ಸಂಪರ್ಕಗಳನ್ನು ಸಲೀಸಾಗಿ ಒಳಗೆ ಎಳೆದುಕೊಳ್ಳುವ ಫೇಸ್‌ಬುಕ್, ಹಾಗೆಯೇ ಹೊರಗೆ ಬಿಡುವುದಿಲ್ಲ, ಕೊಟ್ಟು ತೆಗೆದುಕೊಳ್ಳದವರಿಗೆ ನಮ್ಮ ಬಾಗಿಲಿಲ್ಲ ಎಂದಿತು. ಗೆಳೆಯನ ಇಮೇಲ್ ವಿಳಾಸ ಗೆಳೆಯನದು, ಅದನ್ನು ನೀವು ಹೊತ್ತೊಯ್ಯುವಂತಿಲ್ಲ ಎಂಬುದು ಫೇಸ್‌ಬುಕ್ ವಾದ.

ಎರಡೂ ಕಡೆ ವ್ಯಾಪಾರದ ಲೆಕ್ಕಾಚಾರ ಇತ್ತೆಂದು ಹೇಳಬೇಕಾಗಿಲ್ಲ. ಆದರೆ ಫೇಸ್‌ಬುಕ್ ಎತ್ತಿದ ಪ್ರಶ್ನೆ ನಿಜವಾದದ್ದೇ. ಫೋನಿನಲ್ಲಿ ‘ಗ್ಯಾಸ್ ಮಂಜು’ ಎಂದು ಬರೆದುಕೊಂಡ ಹೆಸರು ನನ್ನದು, ಅದರ ಕೆಳಗಿನ ನಂಬರ್ ಮಂಜುನದು. ಹೊಸ ಆ್ಯಪ್ ‘ಕಾಂಟ್ಯಾಕ್ಟ್ಸ್ ನೋಡಬಹುದೇ’ ಎಂದಾಗ ಹೂಂ ಎನ್ನುವವನು ನಾನು. ಮಂಜುನನ್ನು ಯಾರೂ ಕೇಳುವುದಿಲ್ಲ.

ಕಾನೂನು

ಯುರೋಪ್ ಒಕ್ಕೂಟದ ದತ್ತಾಂಶ ಸಂರಕ್ಷಣಾ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಅನ್ವಯವಾಗುತ್ತಿದೆ. ಅದರ 20ನೇ ವಿಧಿಯಂತೆ, ವ್ಯಕ್ತಿ ತಾನೇ ಒದಗಿಸಿದ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆಯಬಹುದು. ತಾಂತ್ರಿಕವಾಗಿ ಸಾಧ್ಯವಿದ್ದರೆ ನೇರವಾಗಿ ಮತ್ತೊಂದು ಸಂಸ್ಥೆಗೆ ಕಳಿಸಲೂ ಹೇಳಬಹುದು. ಇತರರ ಹಕ್ಕಿಗೆ ಧಕ್ಕೆ ಆಗಬಾರದೆಂಬ ಷರತ್ತಿನಲ್ಲಿ ಮಂಜುನಿಗೂ ಒಂದಿಷ್ಟು ಜಾಗವಿದೆ.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಸಾರಿದ್ದು 2017ರ ಆಗಸ್ಟ್‌ನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲಿ. ಮರುವರ್ಷ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಕೊಟ್ಟ ಕರಡಿನಲ್ಲಿ ಪೋರ್ಟಬಿಲಿಟಿ ಹಕ್ಕು ಇತ್ತು, 2019ರ ಮಸೂದೆಯಲ್ಲೂ ಉಳಿದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದು ಕಾಣೆಯಾಯಿತು. ಮಾಹಿತಿಯ ಸಾರಾಂಶ ಕೇಳಬಹುದು, ತಿದ್ದಿಸಬಹುದು, ಅಳಿಸಬಹುದು. ಹೊತ್ತೊಯ್ಯುವ ಹಕ್ಕು ಮಾತ್ರ ಇಲ್ಲ. ಕಾಯ್ದೆಯಲ್ಲಿ ಇದು ಸಣ್ಣ ಕೊರತೆಯಲ್ಲ.

ಪ್ರತಿ ಸಿಕ್ಕಮಾತ್ರಕ್ಕೆ

ಗೂಗಲ್ 2011ರಲ್ಲಿ ಟೇಕ್‌ಔಟ್ ಆರಂಭಿಸಿತು. ಮೇಲ್, ಸಂಪರ್ಕ, ಫೋಟೊ ಎಲ್ಲ ಜಿಪ್ ಫೈಲ್‌ಗಳಾಗಿ ಕೈಸೇರುತ್ತವೆ. ಆದರೆ ಅಜ್ಜಿಯ ಮದುವೆಯ ಹಳೆಯ ಫೋಟೊ ಸ್ಕ್ಯಾನ್ ಮಾಡಿ, ಗೂಗಲ್ ಫೋಟೋಸ್‌ನಲ್ಲಿ ಅದರ ತಾರೀಕನ್ನು 1974 ಎಂದು ತಿದ್ದಿದ್ದರೆ, ಆ ತಿದ್ದುಪಡಿ ಪಕ್ಕದ ಜೇಸನ್ ಫೈಲಿನಲ್ಲಿ ಇರುತ್ತದೆ, ಚಿತ್ರದೊಳಗಲ್ಲ. ಹೊಸ ಸೇವೆ ಆ ಫೈಲನ್ನು ಓದದಿದ್ದರೆ ಅಜ್ಜಿಯ ಮದುವೆ ಸ್ಕ್ಯಾನ್ ಮಾಡಿದ ದಿನವೇ ನಡೆದಂತೆ ಕಾಣುತ್ತದೆ. ಇಳಿಸಿಕೊಳ್ಳುವ, ಮತ್ತೆ ಏರಿಸುವ ಈ ಪಡಿಪಾಟಲು ತಪ್ಪಿಸಿ ಸೇವೆಯಿಂದ ಸೇವೆಗೆ ನೇರ ಸಾಗಿಸಲೆಂದು 2018ರಲ್ಲಿ ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್, ಟ್ವಿಟರ್ ಸೇರಿ ಡೇಟಾ ಟ್ರಾನ್ಸ್‌ಫರ್ ಪ್ರಾಜೆಕ್ಟ್ ಪ್ರಕಟಿಸಿದವು. ಆ್ಯಪಲ್ ಮರುವರ್ಷ ಜೊತೆಗೂಡಿತು.

ಇಲ್ಲೆಲ್ಲ ಒಯ್ಯುವುದು ಮೇಲ್, ಫೋಟೊಗಳಂಥ ಸರಕನ್ನು. ಹಲವು ಸರ್ವರ್‌ಗಳ ಸಾಮಾಜಿಕ ಜಾಲ ಮ್ಯಾಸ್ಟೊಡಾನ್ ಮಾತ್ರ ಉಲ್ಟಾ. ಅಲ್ಲಿ ಒಂದು ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೋದರೆ ನಿಮ್ಮನ್ನು ಹಿಂಬಾಲಿಸುವವರು ತಾವಾಗಿಯೇ ಹೊಸ ಖಾತೆಗೆ ಬರುತ್ತಾರೆ, ಬರೆದ ಪೋಸ್ಟ್‌ಗಳು ಹಳೆಯ ಸರ್ವರ್‌ನಲ್ಲೇ ಉಳಿಯುತ್ತವೆ.